ಮೊದಲು ನೆಲಕ್ಕೆ

ಹತ್ತುವ ಕೆಲಸ ನಿನಗಿಲ್ಲ, ಪುಣ್ಯವಂತ.
ಡ್ರೋನು ಹಗ್ಗದಲ್ಲಿ ಎತ್ತಿ
ತಂತಿಯ ಮೇಲೆ ಕೂರಿಸಿತು ನಿನ್ನನ್ನು,
ತೊಟ್ಟಿಲಿಗೆ ಕೂಸನ್ನು ಇಳಿಸಿದ ಹಾಗೆ.
ನಾನಾದರೆ ಈ ಟವರಿನ ನೂರ ಹದಿನಾರು ಬೋಲ್ಟು
ಒಂದೊಂದನ್ನೂ ಬೈದುಕೊಂಡೇ ಹತ್ತಿದವನು.
ಎಪ್ಪತ್ತೆರಡನೆಯದು ಸಡಿಲ ಉಂಟು. ಈಗಲೂ.

ಕೂಳೂರು ಹೊಳೆಯ ಈ ದಡದಲ್ಲಿ
ಮುಫೀದಾ ಮೇಡಮ್ಮಿನ ಮಡಿಲಲ್ಲಿ ಪರದೆ,
ಅವಳ ಹೆಬ್ಬೆರಳಿನ ಅಡಿಯಲ್ಲಿ ನಿನ್ನ ನಾಲ್ಕು ಚಕ್ರ.
ಸೊಂಟಮಟ್ಟ ನೀರಲ್ಲಿ ಮರುವಾಯಿ ಹೆಕ್ಕುತ್ತಿದ್ದ ಹೆಂಗಸರು
ಬೆನ್ನು ನೆಟ್ಟಗೆ ಮಾಡಿ ಮೇಲೆ ನೋಡಿದರು:
"ಎಂತ ಅದು, ತಂತಿಯಲ್ಲಿ ಏಡಿ?"
ಏಡಿಯೇ. ನೇರ ನಡೆಯುವ ಏಡಿ.

ನಾನೂ ಹೋದದ್ದುಂಟು ಮಾರಾಯ, ಇದೇ ದಾರಿಯಲ್ಲಿ,
ಕಬ್ಬಿಣದ ಟ್ರಾಲಿಯಲ್ಲಿ ಕೂತು, ಕಾಲು ಇಳಿಬಿಟ್ಟು,
ಕೈಯಿಂದ ಕೈಗೆ ತಂತಿ ಎಳೆದುಕೊಂಡು.
ಆದರೆ ಲೈನು ಸತ್ತಿದ್ದಾಗ ಮಾತ್ರ.
ಅದಕ್ಕೆ ಜೀವ ಇದ್ದರೆ ನಮಗಿಲ್ಲ.
ನೀನು ನೋಡು,
ಒಂದು ಲಕ್ಷ ಹತ್ತು ಸಾವಿರ ವೋಲ್ಟಿನ ಬೆನ್ನ ಮೇಲೆ
ಎಮ್ಮೆಯ ಮೇಲಿನ ಬೆಳ್ಳಕ್ಕಿಯ ಹಾಗೆ ಸವಾರಿ.

ಮೂವತ್ತೊಂದು ವರ್ಷ ನಾನು ಕಂಡ ತಂತಿ
ಮೂಗಿನ ತುದಿಯಲ್ಲಿ, ಮೊಳ ಮೊಳವಾಗಿ ಕಂಡದ್ದು.
ಇವತ್ತು ನಿನ್ನ ಕಣ್ಣಿನಲ್ಲಿ ಗೊತ್ತಾಯಿತು
ಅದರ ಆಚೆಗೂ ಏನೋ ಉಂಟು ಅಂತ:
ಹೊಳೆ ಸೊಂಟ ತಿರುಗಿಸುವ ಜಾಗ,
ತಣ್ಣೀರುಬಾವಿಯ ಗಾಳಿಮರದ ಸಾಲು,
ಬಂದರಿಗೆ ಸರದಿ ಕಾಯುವ ಮೂರು ಹಡಗು.
ಅಷ್ಟೆತ್ತರ ಹೋಗಿ ನಾನು ನೋಡಿದ್ದು
ಬರೀ ನನ್ನ ಕೈಯನ್ನು.

ನಡುಹೊಳೆಯಲ್ಲಿ ನೀನು ನಿಂತೆ.
ಮೇಡಂ ಒತ್ತಿದರೂ ನಿಂತೇ ಇದ್ದೆ.
ಪರದೆಯಲ್ಲಿ ತಂತಿ ನೀಲಿ, ನೀಲಿ, ನೀಲಿ,
ಒಂದು ಗೇಣು ಮಾತ್ರ ಕೆಂಡ.
"ಅರುವತ್ತೆಂಟು ಡಿಗ್ರಿ! ಇದೆಂತದು ದೂಮಣ್ಣ,
ರಿಜಿಸ್ಟರಿನಲ್ಲಿ ಇಲ್ವಲ್ಲ?"

ಕನ್ನಡಕ ಒರೆಸಿದೆ. ಒರೆಸುವ ಅಗತ್ಯ ಇರಲಿಲ್ಲ.
ಎಡಕ್ಕೆ ಸುತ್ತಿ, ತುದಿಯನ್ನು ಹಿಂದಕ್ಕೆ ಮಡಚಿದ ಕಟ್ಟು.
ವಲೇರಿಯನ್ ಎಡಗೈಯವನು.
ಸುತ್ತಿದ್ದು ಅವನು, ಟಾರ್ಚು ಹಿಡಿದದ್ದು ನಾನು.
ಆಟಿಯ ರಾತ್ರಿ, ಕೆಳಗೆ ಹೊಳೆ ಕಾಣದಿದ್ದರೂ ಅದರ ಸದ್ದು,
ಊರಿಡೀ ಕತ್ತಲೆ,
ಆಸ್ಪತ್ರೆಯಿಂದ ಆಫೀಸಿಗೆ ಫೋನಿನ ಮೇಲೆ ಫೋನು.
"ಸದ್ಯಕ್ಕೆ ಇದು ಸಾಕು" ಅಂದ ಅವನು,
"ಬಿಸಿಲು ಬಂದ ಮೇಲೆ ಸರಿ ಮಾಡುವ."

ಬಿಸಿಲು ಬಂತು. ಇಪ್ಪತ್ತೆರಡು ಸಲ ಬಂತು.
ವಲೇರಿಯನ್ ವರ್ಗವಾಗಿ ಹೋದ,
ಮತ್ತೆ ಇಗರ್ಜಿಯ ಹಿಂದಿನ ಮಣ್ಣಿಗೆ ಹೋದ.
ನಾನು ಬಾಯಿ ಬಿಡಲಿಲ್ಲ.
ಬರೆದಿಡದ ಕೆಲಸಕ್ಕೆ ಮೊದಲು ಹೆದರಿಕೆ,
ಆಮೇಲೆ ಮರೆವು,
ಆಮೇಲೆ ಒಂದು ನಮೂನೆಯ ಜಂಭ:
ಅಷ್ಟು ಮಳೆ, ಅಷ್ಟು ಉಪ್ಪುಗಾಳಿ,
ಒಂದು ಸುತ್ತೂ ಜಾರಲಿಲ್ಲವಲ್ಲ!

ನಿನಗೆ ದಾಕ್ಷಿಣ್ಯ ಇಲ್ಲ. ಹೇಳಿಬಿಟ್ಟೆ.
ಒಳ್ಳೆಯದೇ ಆಯಿತು. ಆಯಿತೋ, ಗೊತ್ತಿಲ್ಲ.
"ಬರೆಯಿರಿ ಮೇಡಂ" ಅಂದೆ, "ತಾತ್ಕಾಲಿಕ ಕಟ್ಟು."
ದಿನಾಂಕ ಕೇಳಿದಳು. ವಾರದ ಸಮೇತ ಹೇಳಿದೆ.
ಮಾಡಿದವರ ಹೆಸರು ಕೇಳಿದಳು.
ಟಾರ್ಚು ಹಿಡಿದವನದ್ದು ಮೊದಲು ಹೇಳಿದೆ.

ಸಂಜೆ ನಿನ್ನನ್ನು ಇಳಿಸಿದರು.
ಚಕ್ರದ ತುಂಬ ಉಪ್ಪು, ಕಾಗೆಯ ಹಿಕ್ಕೆ, ಅಲ್ಯೂಮಿನಿಯಂ ಮಸಿ.
ನನ್ನ ಅಂಗೈಗೆ ಗುರುತಿನ ವಾಸನೆ.
ಮೇಡಂ ಕೈ ಚಾಚಿದ್ದೇ
"ನಿಲ್ಲಿ!" ಅಂತ ಬೊಬ್ಬೆ ಹಾಕಿದೆ.
ಅರ್ಥಿಂಗ್ ರಾಡು ತಂದು ನಿನ್ನ ಬೆನ್ನಿಗೆ ಮುಟ್ಟಿಸಿದೆ.
ಟಿಕ್. ಸಾಸಿವೆಯಷ್ಟು ಕಿಡಿ, ಇತ್ತೋ ಇಲ್ಲವೋ.
ಮೇಲಿನಿಂದ ಬಂದವರನ್ನು ಮೊದಲು ನೆಲಕ್ಕೆ ಮುಟ್ಟಿಸಬೇಕು,
ಕೈಗೆ ಆಮೇಲೆ.
ಇದು ಯಾವ ಪುಸ್ತಕದ್ದೂ ಅಲ್ಲ, ವಲೇರಿಯನ್ನದ್ದು.

ಮತ್ತೆ ಹೆಗಲಿನ ಬೈರಾಸಿನಿಂದ
ನಿನ್ನ ಚಕ್ರ ಒರೆಸುತ್ತ ಕೂತೆ, ಒಂದೊಂದೇ.
ಮರುವಾಯಿಯವರು ಬುಟ್ಟಿ ಹೊತ್ತು ಹೋದರು.
ಎಪ್ಪತ್ತೆರಡನೆಯ ಬೋಲ್ಟಿನದ್ದೂ ಬರೆಸಬೇಕು.
ನಾಳೆ.